ಲೇನಿನ ಆಚೆಯ ತುದಿ: ಶತಮಾನದ ನಡುಗಾಲದ ಅಮೆರಿಕದಲ್ಲಿ ಬೌಲಿಂಗ್

ಬೌಲಿಂಗ್ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸು ಪ್ರಸನ್ನ, ಚಂದ್ರಶೇಖರ್, ಕುಂಬ್ಳೆಯವರ ಕಡೆಗೆ ಹೋಗುವುದು ಸಹಜ. ಇಂದು ನಾನು ಮಾತನಾಡಲಿರುವುದು ನಾವೆಲ್ಲ ಬಂದು ನೆಲೆಸಿರುವ ಈ ಡೆಟ್ರಾಯಿಟ್ ಸೀಮೆಯಲ್ಲಿ ಬಹಳ ಹಿಂದಿನಿಂದಲೂ ಬೇರುಬಿಟ್ಟಿರುವ ಇನ್ನೊಂದು ಬೌಲಿಂಗ್ ಕುರಿತು, ಅಂದರೆ ಭಾರವಾದ ಚೆಂಡನ್ನು ಉರುಳಿಸಿ ಆಚೆ ತುದಿಯಲ್ಲಿ ನಿಂತ ಪಿನ್ನುಗಳನ್ನು ಕೆಡವುವ ಆಟದ ಕುರಿತು. ಆದರೂ ನಮಗೆ ಪರಿಚಿತವಾದ ಅಳತೆಯಿಂದಲೇ ಆರಂಭಿಸೋಣ. ಕ್ರಿಕೆಟ್ಟಿನಲ್ಲಿ ಒಂದು ವಿಕೆಟ್ಟಿನಿಂದ ಇನ್ನೊಂದಕ್ಕೆ 66 ಅಡಿ ದೂರ. ಈ ಆಟದಲ್ಲಿ ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್ನಿನವರೆಗೆ 60 ಅಡಿ. ಚೆಂಡು ಉರುಳುವ ಮರದ ಹಾದಿಯಾದ ಲೇನಿನ ಅಗಲ ಮೂರೂವರೆ ಅಡಿಗೂ ತುಸು ಕಡಿಮೆ. ಆ ಕೊನೆಯಲ್ಲಿ 15 ಇಂಚು ಎತ್ತರದ ಹತ್ತು ಪಿನ್ನುಗಳು ತ್ರಿಕೋನಾಕಾರದಲ್ಲಿ ನಿಂತಿರುತ್ತವೆ. ಚೆಂಡಿನ ತೂಕ ಹೆಚ್ಚೆಂದರೆ 16 ಪೌಂಡು, ಅಂದರೆ ಏಳು ಕಿಲೋಗಿಂತ ಸ್ವಲ್ಪ ಹೆಚ್ಚು. ಸತತವಾಗಿ ಹನ್ನೆರಡು ಬಾರಿ ಒಂದೇ ಎಸೆತದಲ್ಲಿ ಹತ್ತೂ ಪಿನ್ನುಗಳನ್ನು ಕೆಡವಿದವರಿಗೆ 300 ಅಂಕಗಳ ಪೂರ್ಣ ಆಟ ದಕ್ಕುತ್ತದೆ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಅಂದರೆ ಎರಡನೆಯ ಮಹಾಯುದ್ಧದ ದಿನಗಳಿಂದ 1960ರ ದಶಕದವರೆಗೆ, ಅಮೆರಿಕದ ದುಡಿಯುವ ಜನರು ಅತಿ ಹೆಚ್ಚಾಗಿ ಆಡಿದ ಆಟಗಳಲ್ಲಿ ಇದೂ ಒಂದು. ಆ ಕಾಲವನ್ನು ನೆನೆಯುವವರು ಸಾಮಾನ್ಯವಾಗಿ ಲೇನಿನ ಈಚೆಯ ತುದಿಯಲ್ಲಿ ನಿಂತು ನೋಡುತ್ತಾರೆ. ಅಲ್ಲಿ ಬಣ್ಣದ ಅಂಗಿಗಳು, ಬಾಡಿಗೆಯ ಬೂಟುಗಳು, ಬಿಯರ್ ಗ್ಲಾಸುಗಳು, ಸಂಜೆಯ ನಗು ಇವೆ. ಅದು ಸುಳ್ಳಲ್ಲ. ಆದರೆ ಈ ಆಟ ಎಲ್ಲರ ಆಟವಾದದ್ದು ಹೇಗೆ ಎಂಬುದು ತಿಳಿಯಬೇಕಾದರೆ ಇನ್ನೆರಡು ಜಾಗಗಳನ್ನು ನೋಡಬೇಕು. ಒಂದು, ಲೇನಿನ ಆಚೆಯ ತುದಿಯಲ್ಲಿ ಪಿನ್ನುಗಳ ಹಿಂದಿರುವ ಗುಂಡಿ. ಇನ್ನೊಂದು, ಕಟ್ಟಡದ ಬಾಗಿಲು. ಗುಂಡಿಯಲ್ಲಿ ಯಾರು ದುಡಿಯುತ್ತಿದ್ದರು, ಬಾಗಿಲಲ್ಲಿ ಯಾರನ್ನು ತಡೆಯುತ್ತಿದ್ದರು ಎಂಬ ಎರಡು ಪ್ರಶ್ನೆಗಳಿಗೂ 1950ರ ಆಚೀಚಿನ ಕೆಲವೇ ವರ್ಷಗಳಲ್ಲಿ ಉತ್ತರ ಬದಲಾಯಿತು. ಆ ಬದಲಾವಣೆಯ ದೊಡ್ಡ ಪಾಲು ನಡೆದದ್ದು ಇದೇ ಮಿಶಿಗನ್ ರಾಜ್ಯದಲ್ಲಿ ಎಂಬುದರಿಂದಲೇ ಈ ವಿಷಯವನ್ನು ಇಲ್ಲಿ ಹೇಳಬೇಕೆಂದು ನನಗೆ ಅನ್ನಿಸಿತು.

ಮೊದಲು ಗುಂಡಿಯ ಮಾತು. ಯಂತ್ರ ಬರುವ ಮುಂಚೆ ಬಿದ್ದ ಪಿನ್ನುಗಳನ್ನು ಎತ್ತಿ ಮತ್ತೆ ಜೋಡಿಸಲು, ಚೆಂಡನ್ನು ಎತ್ತಿ ಮರಳಿ ಉರುಳಿಸಲು ಒಬ್ಬ ಮನುಷ್ಯ ಬೇಕಿತ್ತು. ಆತನಿಗೆ ಪಿನ್ ಬಾಯ್ ಎಂದು ಹೆಸರು. ಹೆಸರಿಗೆ ತಕ್ಕಂತೆ ಹಲವರು ನಿಜವಾಗಿಯೂ ಹುಡುಗರೇ ಆಗಿದ್ದರು. ಬಾಲಕಾರ್ಮಿಕರ ಸ್ಥಿತಿಯನ್ನು ಛಾಯಾಚಿತ್ರಗಳಲ್ಲಿ ದಾಖಲಿಸಿದ ಲೂಯಿಸ್ ಹೈನ್ 1910ರಲ್ಲಿ ಬ್ರೂಕ್ಲಿನ್‌ನ ಒಂದು ಬೌಲಿಂಗ್ ಆಲಿಯಲ್ಲಿ, ಅಂದರೆ ಆಟದ ಲೇನುಗಳಿರುವ ಕಟ್ಟಡದಲ್ಲಿ, ರಾತ್ರಿ ಒಂದು ಗಂಟೆಗೆ ತೆಗೆದ ಚಿತ್ರವೊಂದಿದೆ. ಲೇನುಗಳ ಕೊನೆಯಲ್ಲಿ ಹುಡುಗರು ಪಿನ್ನುಗಳ ಮೇಲೆ ಬಾಗಿದ್ದಾರೆ, ಹಿಂದೆ ಒಬ್ಬ ದೊಡ್ಡವನು ನಿಂತಿದ್ದಾನೆ. ಇವರಿಗಿಂತಲೂ ಚಿಕ್ಕವರಾದ ಇನ್ನೂ ಮೂವರನ್ನು ಮಾಲೀಕ ಚಿತ್ರದೊಳಗೆ ಬರದಂತೆ ತಡೆದ ಎಂದು ಹೈನ್ ಚಿತ್ರದ ಕೆಳಗೆ ಬರೆದಿಟ್ಟಿದ್ದಾರೆ. ಚಿತ್ರದಲ್ಲಿ ಕಾಣದ ಆ ಮೂವರು ಮಕ್ಕಳು ನನ್ನ ಮನಸ್ಸಿನಿಂದ ಇದುವರೆಗೂ ಮರೆಯಾಗಿಲ್ಲ.

ಆ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯಲು, ನಿಮ್ಮಲ್ಲಿ ಅನೇಕರು ಇಂಜಿನಿಯರುಗಳಾಗಿರುವುದರಿಂದ, ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಪಿನ್ನಿನ ತೂಕ ಸುಮಾರು ಒಂದೂವರೆ ಕಿಲೋ. ಒಬ್ಬ ಆಟಗಾರನ ಒಂದು ಆಟದಲ್ಲಿ ಹತ್ತು ಸುತ್ತುಗಳು. ಪ್ರತಿ ಸುತ್ತಿಗೂ ಹತ್ತು ಪಿನ್ನುಗಳನ್ನು ಹೊಸದಾಗಿ ನಿಲ್ಲಿಸಬೇಕು. ಅಲ್ಲಿಗೆ 150 ಕಿಲೋ ಆಯಿತು. ಇದರ ಜೊತೆಗೆ ಏಳು ಕಿಲೋ ಚೆಂಡನ್ನು ಹದಿನಾರು ಹದಿನೇಳು ಸಲ ಎತ್ತಿ ಹಿಂದಕ್ಕೆ ಕಳಿಸಬೇಕು. ಎರಡನ್ನೂ ಕೂಡಿದರೆ ಒಬ್ಬನ ಒಂದು ಆಟಕ್ಕೆ ಕಾಲು ಟನ್ನು ಮೀರುತ್ತದೆ. ಲೀಗ್ ಸಂಜೆಯಲ್ಲಿ ಐದೈದು ಜನರ ಎರಡು ತಂಡಗಳು ಅಕ್ಕಪಕ್ಕದ ಎರಡು ಲೇನುಗಳಲ್ಲಿ ಮೂರು ಮೂರು ಆಟ ಆಡುತ್ತಿದ್ದವು. ಆ ಎರಡು ಲೇನುಗಳನ್ನೂ ಒಬ್ಬನೇ ಹುಡುಗ ನೋಡಿಕೊಂಡರೆ, ಮನೆಗೆ ಹೋಗುವಷ್ಟರಲ್ಲಿ ಆತ ಏಳು ಟನ್ನಿಗೂ ಹೆಚ್ಚು ಭಾರ ಎತ್ತಿರುತ್ತಿದ್ದ. ಚೆಂಡು ಬರುವಾಗ ಆತ ಗುಂಡಿಯ ಮೇಲಿನ ಅಂಚಿಗೆ ಹಾರಿ ಕಾಲು ಮಡಚಿ ಕೂರಬೇಕು. ಹಾರಿದ ಪಿನ್ನು ಮೊಣಕಾಲಿಗೋ ಹಣೆಗೋ ತಗಲದಂತೆ ನೋಡಿಕೊಳ್ಳಬೇಕು. ಇನ್ನೊಂದು ಲೇನಿನ ಆಟಗಾರ ತಡೆಯಲಾರದೆ ಚೆಂಡು ಬಿಟ್ಟುಬಿಟ್ಟರೆ ಅದನ್ನೂ ತಪ್ಪಿಸಿಕೊಳ್ಳಬೇಕು. ಕೂಲಿ ಆಟಕ್ಕೆ ಇಷ್ಟು ಸೆಂಟು ಎಂಬ ಲೆಕ್ಕದಲ್ಲಿತ್ತು. ಆಟ ಮುಗಿದ ಮೇಲೆ ಯಾರಾದರೂ ಲೇನಿನ ಬದಿಯ ಗಟರಿನಲ್ಲಿ ಉರುಳಿಸಿಬಿಟ್ಟ ಚಿಲ್ಲರೆಯೇ ಬಕ್ಷೀಸು.

ಕಾಲ ಕಳೆದಂತೆ ಹುಡುಗರ ಜೊತೆಗೆ ಬೇರೆ ಕೆಲಸ ಸಿಗದ ವಯಸ್ಕರೂ ಈ ಗುಂಡಿಗೆ ಇಳಿದರು. ಅನೇಕ ಊರುಗಳಲ್ಲಿ ಅವರು ಆಫ್ರಿಕನ್ ಅಮೆರಿಕನ್ನರಾಗಿದ್ದರು. ತಾವು ಪಿನ್ನು ಜೋಡಿಸುವ ಲೇನಿನ ಇನ್ನೊಂದು ತುದಿಯಲ್ಲಿ ನಿಂತು ಚೆಂಡು ಬಿಡುವ ಅವಕಾಶ ಅವರಿಗಿರಲಿಲ್ಲ. ಅರವತ್ತು ಅಡಿಯ ಮರದ ಹಲಗೆ ಅವರ ಮಟ್ಟಿಗೆ ದಾಟಲಾಗದ ಗಡಿಯಾಗಿತ್ತು. ಇಲ್ಲಿಂದ ನಾವು ಬಾಗಿಲಿನ ಪ್ರಶ್ನೆಗೆ ಬರುತ್ತೇವೆ.

ಈ ಆಟವನ್ನು ಅಮೆರಿಕಕ್ಕೆ ತಂದವರಲ್ಲಿ ಜರ್ಮನಿಯಿಂದ ವಲಸೆ ಬಂದವರೇ ಮುಖ್ಯರು. ಅವರ ಆಟಕ್ಕೆ ಒಂಬತ್ತು ಪಿನ್ನುಗಳಿದ್ದವು. ಹತ್ತನೆಯದು ಅಮೆರಿಕದಲ್ಲಿ ಸೇರಿತು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಊರಿಗೊಂದು ನಿಯಮವಿತ್ತು. 1895ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬೀಥೋವನ್ ಹಾಲ್‌ನಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಪಿನ್ನಿನ ಎತ್ತರ, ಚೆಂಡಿನ ಗಾತ್ರ, ಲೇನಿನ ಉದ್ದ, ಅಂಕ ಎಣಿಸುವ ಬಗೆ ಎಲ್ಲವೂ ದೇಶಕ್ಕೆಲ್ಲ ಒಂದೇ ಆದದ್ದು ಆ ಸಂಸ್ಥೆಯಿಂದ. ಇದು ದೊಡ್ಡ ಕೆಲಸ, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ 1916ರಲ್ಲಿ ಅದೇ ಸಂಸ್ಥೆ ಬಿಳಿಯ ಗಂಡಸರು ಮಾತ್ರ ಸದಸ್ಯರಾಗಬಹುದೆಂದು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಅದೇ ವರ್ಷ ಮಹಿಳೆಯರು ಸೇಂಟ್ ಲೂಯಿಸ್‌ನಲ್ಲಿ ಸೇರಿ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. ಅಲ್ಲಿಯೂ ಬಿಳಿಯರಲ್ಲದವರಿಗೆ ಪ್ರವೇಶವಿರಲಿಲ್ಲ.

ಒಂದು ಕ್ರೀಡಾ ಸಂಸ್ಥೆಯ ಸದಸ್ಯತ್ವ ಇಲ್ಲದಿದ್ದರೆ ಏನು ನಷ್ಟ, ಆಲಿಗೆ ಹೋಗಿ ಹಣ ಕೊಟ್ಟು ಆಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಈ ಆಟ ನಡೆಯುತ್ತಿದ್ದದ್ದೇ ಲೀಗುಗಳ ಮೇಲೆ. ವಾರಕ್ಕೊಂದು ಸಂಜೆ, ಚಳಿಗಾಲವಿಡೀ, ಅದೇ ತಂಡ, ಅದೇ ಲೇನು. ಬೌಲಿಂಗ್ ಕಾಂಗ್ರೆಸ್ಸಿನ ಮನ್ನಣೆ ಪಡೆದ ಲೀಗಿನಲ್ಲಿ ಮನ್ನಣೆ ಇಲ್ಲದವನನ್ನು ಸೇರಿಸುವಂತಿಲ್ಲ. ಆತ 300 ಅಂಕ ಹೊಡೆದರೂ ಅದು ದಾಖಲೆಯಾಗುವುದಿಲ್ಲ, ಅದಕ್ಕೆ ಕೊಡುವ ಉಂಗುರ ಸಿಗುವುದಿಲ್ಲ, ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ತೆರೆಯುವುದಿಲ್ಲ. ಈಗ ಡೆಟ್ರಾಯಿಟಿನ ಒಂದು ಕಾರು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಒಂದೇ ಜೋಡಣಾ ಸಾಲಿನಲ್ಲಿ ಬಿಳಿಯ, ಕಪ್ಪು ಕಾರ್ಮಿಕರು ಅಕ್ಕಪಕ್ಕ ನಿಂತು ದುಡಿಯುತ್ತಾರೆ. ಇಬ್ಬರೂ ಒಂದೇ ಯೂನಿಯನ್ನಿಗೆ ಚಂದಾ ಕೊಡುತ್ತಾರೆ. ಪಾಳಿ ಮುಗಿದ ಮೇಲೆ ಯೂನಿಯನ್ನಿನ ಬೌಲಿಂಗ್ ಲೀಗಿಗೆ ಒಬ್ಬ ಹೋಗಬಹುದು, ಇನ್ನೊಬ್ಬ ಹೋಗುವಂತಿಲ್ಲ.

ಬಾಗಿಲು ಮುಚ್ಚಿಸಿಕೊಂಡವರು ಸುಮ್ಮನೆ ಕೂರಲಿಲ್ಲ. 1939ರಲ್ಲಿ ಇದೇ ಡೆಟ್ರಾಯಿಟಿನಲ್ಲಿ ಆಫ್ರಿಕನ್ ಅಮೆರಿಕನ್ ಆಟಗಾರರು ನ್ಯಾಷನಲ್ ನೀಗ್ರೋ ಬೌಲಿಂಗ್ ಅಸೋಸಿಯೇಷನ್ ಸ್ಥಾಪಿಸಿದರು. ಕೆಲವು ವರ್ಷಗಳಲ್ಲಿ ಹೆಸರಿನಿಂದ ಜನಾಂಗದ ಪದವನ್ನು ತೆಗೆದು ಅದನ್ನು ಬರಿಯ ನ್ಯಾಷನಲ್ ಬೌಲಿಂಗ್ ಅಸೋಸಿಯೇಷನ್ ಮಾಡಿಕೊಂಡರು. ತಮ್ಮನ್ನು ಹೊರಗಿಟ್ಟ ನಿಯಮವನ್ನೇ ತಿರುಗಿಸಿ ಇನ್ನೊಬ್ಬರ ಮೇಲೆ ಹೇರಲಿಲ್ಲ ಎಂಬುದನ್ನು ಗಮನಿಸಬೇಕು. ಕ್ಲೀವ್‌ಲ್ಯಾಂಡಿನಲ್ಲಿ ಜೆ. ಎಲ್ಮರ್ ರೀಡ್ 1941ರಲ್ಲಿ ಯುನೈಟೆಡ್ ರಿಕ್ರಿಯೇಷನ್ ಎಂಬ ಬೌಲಿಂಗ್ ಆಲಿಯನ್ನು ತೆರೆದರು. ಗುಂಡಿಗೆ ಇಳಿಯದೆ, ಮುಂಬಾಗಿಲಿನಿಂದಲೇ ಒಳಗೆ ಹೋಗಿ ಆಡಬಲ್ಲ ಜಾಗಗಳು ಹೀಗೆ ಒಂದೊಂದಾಗಿ ಹುಟ್ಟಿದವು.

ಯುದ್ಧ ಮುಗಿದ ಮೇಲೆ ಹೋರಾಟ ಬೇರೆ ಮಟ್ಟಕ್ಕೆ ಹೋಯಿತು. ವಾಲ್ಟರ್ ರಾಯ್ಟರ್ ನಾಯಕತ್ವದ ಯುನೈಟೆಡ್ ಆಟೋ ವರ್ಕರ್ಸ್ ಯೂನಿಯನ್, ಅದರ ಮನರಂಜನಾ ವಿಭಾಗವನ್ನು ನಡೆಸುತ್ತಿದ್ದ ಓಲ್ಗಾ ಮದಾರ್, ಜಪಾನಿ ಮೂಲದ ಅಮೆರಿಕನ್ನರ ನಾಗರಿಕ ಸಂಘಟನೆ, ಕ್ಯಾಥೊಲಿಕ್ ಯುವ ಸಂಘಟನೆಗಳು, ಯಹೂದಿ ಸಂಘಟನೆಗಳು ಎಲ್ಲರೂ ಒಂದಾದರು. ಬೌಲಿಂಗಿನಲ್ಲಿ ನ್ಯಾಯಕ್ಕಾಗಿ ರಚನೆಯಾದ ರಾಷ್ಟ್ರೀಯ ಸಮಿತಿಯ ಮುಂಚೂಣಿಯಲ್ಲಿದ್ದವರು ಮಿನಿಯಾಪೊಲಿಸ್ ನಗರದ ಮೇಯರ್ ಹ್ಯೂಬರ್ಟ್ ಹಂಫ್ರಿ. ಮುಂದೆ ಅಮೆರಿಕದ ಉಪಾಧ್ಯಕ್ಷರಾದವರು ಅವರೇ. ಯೂನಿಯನ್ನು ಕಾಂಗ್ರೆಸ್ಸಿನ ಮನ್ನಣೆಯನ್ನು ಬದಿಗಿಟ್ಟು ಎಲ್ಲರಿಗೂ ತೆರೆದ ಪಂದ್ಯಾವಳಿಗಳನ್ನು ನಡೆಸಿತು. ಹಲವು ರಾಜ್ಯಗಳಲ್ಲಿ ಮೊಕದ್ದಮೆಗಳು ಹೂಡಲ್ಪಟ್ಟವು. 1950ರ ಏಪ್ರಿಲಿನಲ್ಲಿ ಶಿಕಾಗೋದ ನ್ಯಾಯಾಧೀಶರೊಬ್ಬರು ಕಾಂಗ್ರೆಸ್ಸಿಗೆ 2,500 ಡಾಲರ್ ದಂಡ ವಿಧಿಸಿದರು. ಇಲಿನಾಯ್ ರಾಜ್ಯದಲ್ಲಿ ಅದರ ಪರವಾನಗಿಯೇ ಹೋಗುವ ಸ್ಥಿತಿ ಬಂತು. ಮರುತಿಂಗಳು ಒಹಾಯೋದ ಕೊಲಂಬಸ್‌ನಲ್ಲಿ ಸೇರಿದ ಕಾಂಗ್ರೆಸ್ಸಿನ ಸಮಾವೇಶ ಆ ನಿಯಮವನ್ನು ಅಳಿಸಿಹಾಕಿತು. 1951ರಲ್ಲಿ ಸೇಂಟ್ ಪಾಲ್‌ನಲ್ಲಿ ನಡೆದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಡೆಟ್ರಾಯಿಟಿನ ಆಫ್ರಿಕನ್ ಅಮೆರಿಕನ್ ತಂಡವೊಂದು ಆಡಿತು.

ಈ ವರ್ಷಗಳನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಶಾಲೆಗಳಲ್ಲಿ ವರ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂಬ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1954ರಲ್ಲಿ. ಅದಕ್ಕೂ ನಾಲ್ಕು ವರ್ಷ ಮುಂಚೆ ಬೌಲಿಂಗ್ ಕಾಂಗ್ರೆಸ್ ತನ್ನ ನಿಯಮ ಬದಲಿಸಿತ್ತು. ಅದು ತಾನಾಗಿ ಉದಾರವಾಯಿತು ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಯೂನಿಯನ್ನಿನ ಒತ್ತಡ, ನ್ಯಾಯಾಲಯದ ದಂಡ, ಪರವಾನಗಿ ಕಳೆದುಕೊಳ್ಳುವ ಭಯ ಇವಿಲ್ಲದಿದ್ದರೆ 1950 ಬಂದು ಹೋಗುತ್ತಿತ್ತು, ನಿಯಮ ಹಾಗೆಯೇ ಇರುತ್ತಿತ್ತು.

ಈಗ ಮತ್ತೆ ಗುಂಡಿಗೆ ಹೋಗೋಣ. ಯುದ್ಧಕಾಲದಲ್ಲಿ ಪಿನ್ ಬಾಯ್‌ಗಳು ಸಿಗುವುದು ಕಷ್ಟವಾಯಿತು. ಒಂದು ಕಡೆ ಸೈನ್ಯ, ಇನ್ನೊಂದು ಕಡೆ ಹೆಚ್ಚು ಕೂಲಿ ಕೊಡುವ ಯುದ್ಧ ಸಾಮಗ್ರಿಯ ಕಾರ್ಖಾನೆಗಳು ಜನರನ್ನು ಸೆಳೆದುಕೊಂಡವು. ಅದೇ ಹೊತ್ತಿಗೆ ಆಡುವವರು ಹೆಚ್ಚಾದರು. ಸೇನಾ ನೆಲೆಗಳಲ್ಲಿ ಲೇನುಗಳಿದ್ದವು, ಸೈನಿಕರು ಅಲ್ಲಿ ಆಟ ಕಲಿತು ಊರಿಗೆ ಮರಳಿದರು. ಅಧ್ಯಕ್ಷ ಟ್ರೂಮನ್ ಅವರಿಗೆ ಅವರ ತವರಾದ ಮಿಸೌರಿಯವರು ಶ್ವೇತಭವನದಲ್ಲೇ ಲೇನುಗಳನ್ನು ಕಟ್ಟಿಸಿಕೊಟ್ಟರು. 1947ರ ಏಪ್ರಿಲಿನಲ್ಲಿ ಅವರು ಬಿಟ್ಟ ಮೊದಲ ಚೆಂಡಿಗೆ ಹತ್ತರಲ್ಲಿ ಏಳು ಪಿನ್ನುಗಳು ಬಿದ್ದವು. ಆಟಕ್ಕೆ ಅಷ್ಟು ಬೇಡಿಕೆ ಇತ್ತು, ಆದರೆ ಪಿನ್ನು ಎತ್ತುವ ಕೈಗಳಿರಲಿಲ್ಲ.

ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನಲ್ಲಿ ಫ್ರೆಡ್ ಶ್ಮಿಟ್ ಎಂಬುವರಿದ್ದರು. ಅವರು ಕೆಲಸ ಮಾಡುತ್ತಿದ್ದದ್ದು ಕಾಗದ ಮಡಚುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ. ಅಂಥ ಯಂತ್ರಗಳು ಗಾಳಿಯನ್ನು ಹೀರಿ ಕಾಗದವನ್ನು ಒಂದೊಂದಾಗಿ ಮೇಲೆತ್ತುತ್ತವೆ. ಕಾಗದವನ್ನು ಎತ್ತಬಲ್ಲ ಗಾಳಿ ಪಿನ್ನನ್ನೇಕೆ ಎತ್ತಬಾರದು ಎಂಬುದೇ ಅವರ ಯೋಚನೆಯ ಮೂಲ. 1930ರ ದಶಕದಲ್ಲಿ ಅವರು ಕಟ್ಟಿದ ಮಾದರಿಯ ಹಕ್ಕುಗಳನ್ನು ಮುಂದೆ ಅಮೆರಿಕನ್ ಮೆಷಿನ್ ಆ್ಯಂಡ್ ಫೌಂಡ್ರಿ, ಅಂದರೆ ನಾವು ಇಂದಿಗೂ ಬೌಲಿಂಗ್ ಕಟ್ಟಡಗಳ ಮೇಲೆ ಕಾಣುವ ಎಎಂಎಫ್, ಕೊಂಡುಕೊಂಡಿತು. ಸಿಗರೇಟು ತಯಾರಿಸುವ ಯಂತ್ರಗಳಿಗೆ ಹೆಸರಾದ ಕಂಪನಿ ಅದು. 1946ರಲ್ಲಿ ಬಫಲೋ ನಗರದ ರಾಷ್ಟ್ರೀಯ ಪಂದ್ಯಾವಳಿಯ ಸಮಯದಲ್ಲಿ ಯಂತ್ರವನ್ನು ಜನರಿಗೆ ತೋರಿಸಲಾಯಿತು. ಆದರೆ ದಿನವಿಡೀ ನಂಬಿಕೆಯಿಂದ ನಡೆಯುವ ಯಂತ್ರ ಸಿದ್ಧವಾಗಲು ಇನ್ನೂ ಐದು ವರ್ಷಗಳ ತಿದ್ದುಪಡಿ ಬೇಕಾಯಿತು. ಕಾರ್ಖಾನೆಯಲ್ಲಿ ತಯಾರಾದ ಮೊದಲ ಯಂತ್ರಗಳು 1951ರಲ್ಲಿ ಬಂದು ಕೂತದ್ದು ಎಲ್ಲಿ ಗೊತ್ತೆ? ಇಲ್ಲಿಂದ ಮುಕ್ಕಾಲು ಗಂಟೆಯ ಹಾದಿಯಲ್ಲಿರುವ ಮೌಂಟ್ ಕ್ಲೆಮೆನ್ಸ್‌ನಲ್ಲಿ, ಬೌಲ್-ಒ-ಡ್ರೋಮ್ ಎಂಬ ಆಲಿಯಲ್ಲಿ. ಮರುವರ್ಷ ಕಾಂಗ್ರೆಸ್ ಯಂತ್ರಕ್ಕೆ ಮನ್ನಣೆ ಕೊಟ್ಟಿತು.

ಯಂತ್ರದ ಕೆಲಸವನ್ನು ಸ್ವಲ್ಪ ನಿಧಾನವಾಗಿಯೇ ವಿವರಿಸುತ್ತೇನೆ, ಏಕೆಂದರೆ ಅದರಲ್ಲಿ ಒಂದು ಸೊಗಸಿದೆ. ಚೆಂಡು ಪಿನ್ನುಗಳಿಗೆ ಬಡಿದು ಹಿಂದಿನ ಮೆತ್ತೆಗೆ ತಗಲಿದೊಡನೆ ಯಂತ್ರ ಎಚ್ಚರಗೊಳ್ಳುತ್ತದೆ. ಲೇನಿಗೆ ಅಡ್ಡಲಾಗಿ ಒಂದು ಹಲಗೆ ಇಳಿದು ಕಾವಲು ನಿಲ್ಲುತ್ತದೆ. ಮೇಲಿನಿಂದ ಒಂದು ಮೇಜು ಕೆಳಗಿಳಿದು, ಬೀಳದೆ ಉಳಿದ ಪಿನ್ನುಗಳನ್ನು ಅವು ಇರುವ ಜಾಗದಲ್ಲೇ ಹಿಡಿದು ಮೇಲೆತ್ತುತ್ತದೆ. ಪಿನ್ನು ಒಂದಿಷ್ಟು ಸರಿದಿದ್ದರೂ ಸರಿದ ಜಾಗಕ್ಕೇ ಅದನ್ನು ಮರಳಿ ಇಡಬೇಕೆಂಬುದು ಆಟದ ನಿಯಮ, ಅದೇ ಅತಿ ಕಷ್ಟದ ಭಾಗ. ಆಗ ಆ ಹಲಗೆ ಹಿಂದಕ್ಕೆ ಸರಿದು ಬಿದ್ದ ಪಿನ್ನುಗಳನ್ನೆಲ್ಲ ಗುಂಡಿಗೆ ದೂಡುತ್ತದೆ. ಗುಂಡಿಯ ತಳದಲ್ಲಿ ಚಲಿಸುವ ಪಟ್ಟಿ ಅವುಗಳನ್ನು ಒಂದು ದೊಡ್ಡ ಚಕ್ರದ ಬಳಿಗೆ ಒಯ್ಯುತ್ತದೆ. ಚಕ್ರದ ಗೂಡುಗಳು ಒಂದೊಂದು ಪಿನ್ನನ್ನು ಹೊತ್ತು ಮೇಲಕ್ಕೆ ಸಾಗಿಸುತ್ತವೆ. ಅಲ್ಲಿ ಮುಂದಿನ ಸುತ್ತಿಗೆ ಬೇಕಾದ ಹತ್ತು ಪಿನ್ನುಗಳು ತಮ್ಮ ತಮ್ಮ ಸ್ಥಾನದಲ್ಲಿ ಕೂಡುತ್ತವೆ. ಚೆಂಡು ಬೇರೆ ದಾರಿಯಲ್ಲಿ ಮೇಲೇರಿ ತನ್ನ ಭಾರದಿಂದಲೇ ಉರುಳುತ್ತ ಆಟಗಾರನ ಬಳಿಗೆ ಮರಳುತ್ತದೆ. ನಿಮ್ಮ ಕಾರ್ಖಾನೆಗಳ ಜೋಡಣಾ ಸಾಲನ್ನು ಒಂದು ಕೋಣೆಯೊಳಗೆ ಮಡಚಿಟ್ಟಂತಿದೆ ಈ ಯಂತ್ರ.

ಈ ಹೋಲಿಕೆ ಬರಿಯ ಅಲಂಕಾರಕ್ಕಲ್ಲ. ಎಎಂಎಫ್‌ಗೆ ಪ್ರತಿಸ್ಪರ್ಧಿಯಾಗಿದ್ದ ಬ್ರನ್ಸ್‌ವಿಕ್ ಕಂಪನಿ 1845ರಿಂದ ಮೊದಲು ಬಿಲಿಯರ್ಡ್ಸ್ ಮೇಜುಗಳನ್ನೂ ನಂತರ ಬೌಲಿಂಗ್ ಸಾಮಗ್ರಿಯನ್ನೂ ತಯಾರಿಸುತ್ತ ಬಂದಿತ್ತು. ಯಂತ್ರದ ಓಟದಲ್ಲಿ ಹಿಂದೆ ಬಿದ್ದಿದ್ದ ಅದು ಕೈಜೋಡಿಸಿದ್ದು ಡೆಟ್ರಾಯಿಟಿನಲ್ಲಿ ಕಾರಿನ ಭಾಗಗಳನ್ನು ತಯಾರಿಸುತ್ತಿದ್ದ ಮರ್ರೆ ಕಾರ್ಪೊರೇಷನ್ ಜೊತೆಗೆ. 1950ರ ದಶಕದ ನಡುವಿಗೆ ಬ್ರನ್ಸ್‌ವಿಕ್ ಯಂತ್ರಗಳೂ ಮಾರುಕಟ್ಟೆಗೆ ಬಂದವು. ಎಎಂಎಫ್ ಯಂತ್ರಗಳನ್ನು ಬಾಡಿಗೆಗೆ ಕೊಟ್ಟು ಆಡಿದ ಆಟಗಳ ಎಣಿಕೆಯ ಮೇಲೆ ಹಣ ಪಡೆಯುತ್ತಿತ್ತು. ಬ್ರನ್ಸ್‌ವಿಕ್ ಕಂತುಗಳ ಮೇಲೆ ಮಾರುತ್ತಿತ್ತು. ಈ ಎರಡು ಪದ್ಧತಿಗಳಿಂದ ಕೈಯಲ್ಲಿ ಹೆಚ್ಚು ಬಂಡವಾಳ ಇಲ್ಲದವರೂ ದೊಡ್ಡ ಆಲಿ ತೆರೆಯುವುದು ಸಾಧ್ಯವಾಯಿತು. ಅದರ ಫಲವನ್ನೂ ಪೆಟ್ಟನ್ನೂ ಮುಂದೆ ನೋಡೋಣ.

ಪಿನ್ ಬಾಯ್‌ಗಳು ಹತ್ತು ಹದಿನೈದು ವರ್ಷಗಳಲ್ಲಿ ಹೆಚ್ಚುಕಡಿಮೆ ಇಲ್ಲವಾದರು. ಮಕ್ಕಳು ನಡುರಾತ್ರಿಯವರೆಗೆ ಗುಂಡಿಯಲ್ಲಿ ದುಡಿಯುವುದು ನಿಂತದ್ದಕ್ಕೆ ನಾನು ಮನಃಪೂರ್ವಕವಾಗಿ ಸಂತೋಷಪಡುತ್ತೇನೆ. ಆದರೆ ಅದೇ ಕೆಲಸವನ್ನು ನೆಚ್ಚಿಕೊಂಡಿದ್ದ ವಯಸ್ಕರಿಗೆ ಯಾರೂ ಬೇರೆ ದಾರಿ ತೋರಿಸಲಿಲ್ಲ ಎಂಬುದನ್ನೂ ಹೇಳದೆ ಬಿಡಲಾಗದು. ಬಾಗಿಲು ತೆರೆದದ್ದು 1950ರಲ್ಲಿ, ಯಂತ್ರ ಕೂತದ್ದು 1951ರಲ್ಲಿ. ಆಡುವ ಹಕ್ಕು ದೊರೆತ ಜನರೇ, ಕೆಲವು ಕಡೆ, ಅದೇ ಹೊತ್ತಿಗೆ ಅದೇ ಕಟ್ಟಡದಲ್ಲಿದ್ದ ತಮ್ಮ ಕೂಲಿಯನ್ನು ಕಳೆದುಕೊಂಡರು.

ಯಂತ್ರ ಬಂದ ಮೇಲೆ ಆಲಿಯ ರೂಪವೇ ಬದಲಾಯಿತು. ಹಳೆಯ ಆಲಿಗಳು ಪೇಟೆಯ ನಡುವೆ, ಹೋಟೆಲು ಅಥವಾ ಬಾರುಗಳ ನೆಲಮಾಳಿಗೆಯಲ್ಲಿ, ಚರ್ಚುಗಳ ತಳ ಅಂತಸ್ತಿನಲ್ಲಿ ನಾಲ್ಕೆಂಟು ಲೇನುಗಳೊಂದಿಗೆ ಇರುತ್ತಿದ್ದವು. ಮಿಲ್ವಾಕಿಯ ಹಾಲರ್ ಹೌಸ್ ಎಂಬ ಬಾರಿನ ಕೆಳಗೆ 1908ರಲ್ಲಿ ಹಾಕಿದ ಎರಡು ಲೇನುಗಳು ಅಂಥವು. ಯಂತ್ರ ಬಾರದೆ ಉಳಿದ ಆ ಜಾಗದಲ್ಲಿ ಹೊಸ ಶತಮಾನದಲ್ಲಿಯೂ ಪಿನ್ನುಗಳನ್ನು ಕೈಯಿಂದಲೇ ಜೋಡಿಸುತ್ತಿದ್ದರು. ಹೊಸ ಕಟ್ಟಡಗಳು ನಗರದ ಹೊರವಲಯದಲ್ಲಿ, ಹೆದ್ದಾರಿಯ ಬದಿಯಲ್ಲಿ, ಕಾರು ನಿಲ್ಲಿಸಲು ವಿಶಾಲವಾದ ಜಾಗದೊಂದಿಗೆ ಎದ್ದವು. ಮೂವತ್ತು ನಲವತ್ತು ಲೇನುಗಳು, ಹವಾನಿಯಂತ್ರಣ, ಕಾಫಿ ಶಾಪು, ಕೂಸುಗಳನ್ನು ನೋಡಿಕೊಳ್ಳುವ ಕೋಣೆ. ಲಾಸ್ ಏಂಜಲಿಸ್ ಬಳಿಯ ಕೊವಿನಾ ಬೌಲ್ 1950ರ ದಶಕದ ನಡುವಿನಲ್ಲಿ ಈಜಿಪ್ಟಿನ ಅಲಂಕಾರದೊಂದಿಗೆ ಆಕಾಶಕ್ಕೆ ಚೂಪಾಗಿ ಏರುವ ಮುಂಬಾಗಿಲನ್ನು ಕಟ್ಟಿಕೊಂಡಿತು. ಉದ್ಯಮ ತನ್ನ ಮಾತುಗಳನ್ನೂ ತೊಳೆದು ಶುಚಿಮಾಡಿತು. ಓಣಿ ಎಂಬ ಅರ್ಥದ ಆಲಿ ಎಂಬ ಪದವನ್ನು ಬಿಟ್ಟು ಲೇನ್ಸ್ ಎಂದು ಫಲಕ ಹಾಕಿದರು. ಗಟರ್ ಎಂದರೆ ಚರಂಡಿ ನೆನಪಾಗುತ್ತದೆಂದು ಅದನ್ನು ಚಾನೆಲ್ ಎನ್ನತೊಡಗಿದರು.

ಈ ಶುಚಿತ್ವದ ಗುರಿ ಮುಖ್ಯವಾಗಿ ಹೆಂಗಸರು. ಗಂಡಸರು ಕಾರ್ಖಾನೆಗೆ ಹೋದ ಮೇಲೆ ಬೆಳಗಿನ ಹೊತ್ತು ಲೇನುಗಳು ಖಾಲಿ. ಆ ಹೊತ್ತನ್ನು ತುಂಬಲು ಗೃಹಿಣಿಯರ ಲೀಗುಗಳು ಹುಟ್ಟಿದವು. ಇದರಲ್ಲಿ ವ್ಯಾಪಾರದ ಬುದ್ಧಿ ಇದ್ದದ್ದು ನಿಜ. ಆದರೆ ಎಳೆಯ ಮಕ್ಕಳ ತಾಯಿಯೊಬ್ಬಳು ವಾರಕ್ಕೊಮ್ಮೆ ಮನೆಯ ಹೊರಗೆ ತನ್ನ ಹೆಸರಿನಲ್ಲೇ ಅಂಕ ಬರೆಸಿಕೊಳ್ಳುವ ಜಾಗವೊಂದು ಸಿಕ್ಕಿದ್ದು ಸಣ್ಣ ಮಾತಲ್ಲ ಎಂದು ನಾನು ತಿಳಿಯುತ್ತೇನೆ. ನಮ್ಮ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ಮೇರಿಯನ್ ಲೇಡ್‌ವಿಗ್ ಮಹಿಳೆಯರ ಆಲ್ ಸ್ಟಾರ್ ಪಂದ್ಯಾವಳಿಯನ್ನು ಎಂಟು ಬಾರಿ ಗೆದ್ದರು. 1951ರ ಪಂದ್ಯಾವಳಿಯ ಒಂದು ದಿನ ಅವರು ಗಳಿಸಿದ ಅಂಕಗಳು ಆ ದಿನ ಆಡಿದ ಯಾವೊಬ್ಬ ಗಂಡಸಿನ ಅಂಕಗಳಿಗಿಂತಲೂ ಹೆಚ್ಚಾಗಿದ್ದವು.

ಲೀಗಿನ ಒಳಗೆ ಸಮಾನತೆಯನ್ನು ಸಾಧಿಸಿದ ಒಂದು ಉಪಾಯವನ್ನು ಇಲ್ಲಿ ಹೇಳಬೇಕು. ಅದರ ಹೆಸರು ಹ್ಯಾಂಡಿಕ್ಯಾಪ್. ಉದಾಹರಣೆಗೆ, 200 ಅಂಕಕ್ಕೂ ಆಟಗಾರನ ಸರಾಸರಿಗೂ ಇರುವ ಅಂತರದ ಶೇಕಡ 80 ಭಾಗವನ್ನು ಪ್ರತಿ ಆಟಕ್ಕೂ ಆತನಿಗೆ ಕೂಡಿಸಿ ಕೊಡುವ ನಿಯಮವಿದೆ ಎನ್ನಿ. 190 ಸರಾಸರಿಯ ಪಳಗಿದ ಆಟಗಾರನಿಗೆ 8 ಅಂಕ, 130 ಸರಾಸರಿಯ ಹೊಸಬನಿಗೆ 56 ಅಂಕ. ಪಳಗಿದವನು 198ರಿಂದ, ಹೊಸಬ 186ರಿಂದ ಸಂಜೆಯನ್ನು ಆರಂಭಿಸಿದಂತೆ. ಪಳಗಿದವನ ಮೇಲುಗೈ ಪೂರ್ತಿ ಅಳಿಯುವುದಿಲ್ಲ. ಆದರೆ ಹೊಸಬನ ಒಂದು ಒಳ್ಳೆಯ ಸಂಜೆ ತಂಡವನ್ನು ಗೆಲ್ಲಿಸಬಲ್ಲದು. ಲೇತ್ ಯಂತ್ರದ ಕೆಲಸಗಾರನೂ ಅವನ ಮೇಲಿನ ಫೋರ್‌ಮನ್ನೂ ಒಂದೇ ತಂಡದಲ್ಲಿ ಮುಜುಗರವಿಲ್ಲದೆ ಆಡಲು ಸಾಧ್ಯವಾದದ್ದು ಈ ಅಂಕಗಣಿತದಿಂದ. ಎರಡನೆಯ ಪಾಳಿ ಮುಗಿಸಿ ಬರುವವರಿಗಾಗಿ ನಡುರಾತ್ರಿಯ ನಂತರ ಆರಂಭವಾಗುವ ಲೀಗುಗಳಿದ್ದವು. ಬಿಯರ್ ಕಂಪನಿಗಳಿಂದ ಶವಸಂಸ್ಕಾರದ ಅಂಗಡಿಗಳವರೆಗೆ ಎಲ್ಲರೂ ತಂಡಗಳಿಗೆ ಹಣ ಕೊಡುತ್ತಿದ್ದರು. ಸೇಂಟ್ ಲೂಯಿಸ್‌ನ ಹರ್ಮನ್ ಅಂಡರ್‌ಟೇಕರ್ಸ್ ಎಂಬ ತಂಡ 1937ರಲ್ಲಿ ಮಾಡಿದ ದಾಖಲೆಯನ್ನು 1958ರ ಮಾರ್ಚಿನಲ್ಲಿ ಮುರಿದದ್ದು ಅದೇ ಊರಿನ ಬಡ್‌ವೈಸರ್ ತಂಡ. ಡಾನ್ ಕಾರ್ಟರ್, ಡಿಕ್ ವೆಬರ್ ಮೊದಲಾದ ಐವರು ಮೂರು ಆಟಗಳಲ್ಲಿ ಕೂಡಿ 3,858 ಅಂಕ ಗಳಿಸಿದರು.

ದೂರದರ್ಶನದ ಪಾತ್ರವನ್ನು ಬೇಗ ಹೇಳಿ ಮುಗಿಸುತ್ತೇನೆ. ಆಗಿನ ಭಾರವಾದ ಕ್ಯಾಮೆರಾಗಳಿಗೆ ಈ ಆಟ ಹೇಳಿಮಾಡಿಸಿದಂತಿತ್ತು. ಒಬ್ಬ ಆಟಗಾರ, ಒಂದು ಲೇನು, ನೆರಳಿಲ್ಲದ ಬೆಳಕು. ಕ್ಯಾಮೆರಾ ಒಂದೆಡೆ ನಿಂತರೆ ಸಾಕು. 1961ರ ಆರಂಭದಲ್ಲಿ ಡೆಟ್ರಾಯಿಟಿನ ಥರ್ಮ್ ಗಿಬ್ಸನ್ ಜಾಕ್‌ಪಾಟ್ ಬೌಲಿಂಗ್ ಎಂಬ ಕಾರ್ಯಕ್ರಮದಲ್ಲಿ ಸತತ ಆರು ಸ್ಟ್ರೈಕ್, ಅಂದರೆ ಒಂದೇ ಎಸೆತಕ್ಕೆ ಹತ್ತೂ ಪಿನ್ನುಗಳನ್ನು ಕೆಡವುವ ಹೊಡೆತ, ಹೊಡೆದು 75,000 ಡಾಲರ್ ಗೆದ್ದರು. ಎಕ್ರನ್ ನಗರದ ವಕೀಲ ಎಡ್ಡಿ ಇಲಿಯಾಸ್ 1958ರಲ್ಲಿ ವೃತ್ತಿಪರ ಬೌಲರುಗಳ ಸಂಘವನ್ನು 33 ಸದಸ್ಯರೊಂದಿಗೆ ಕಟ್ಟಿದರು. 1964ರಲ್ಲಿ ಡಾನ್ ಕಾರ್ಟರ್ ಬೌಲಿಂಗ್ ಚೆಂಡು ತಯಾರಿಸುವ ಎಬೊನೈಟ್ ಕಂಪನಿಯೊಡನೆ ಹತ್ತು ಲಕ್ಷ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಯಾವುದೇ ಆಟದಲ್ಲಿ ಅಂಥ ಮೊತ್ತದ ಜಾಹೀರಾತು ಒಪ್ಪಂದ ಅದೇ ಮೊದಲು.

ಅಷ್ಟರಲ್ಲಿ ಉದ್ಯಮಕ್ಕೆ ಪೆಟ್ಟು ಬಿದ್ದಾಗಿತ್ತು. ಕಂತಿನ ಸಾಲ ಸುಲಭವಾಗಿ ಸಿಗುತ್ತಿದ್ದುದರಿಂದ ಒಂದೇ ರಸ್ತೆಯಲ್ಲಿ ಮೂರು ಕಟ್ಟಡಗಳು ಎದ್ದವು. ಆಡುವವರು ಹಂಚಿಹೋದರು, ಕಂತುಗಳು ನಿಂತವು. 1962ರ ಹೊತ್ತಿಗೆ ಬ್ರನ್ಸ್‌ವಿಕ್ ಷೇರಿನ ಬೆಲೆ ನೆಲಕಚ್ಚಿತ್ತು. ದೇಶದಲ್ಲಿ ಆಲಿಗಳ ಸಂಖ್ಯೆ 1960ರ ದಶಕದ ನಡುವೆ ಹನ್ನೆರಡು ಸಾವಿರದ ಆಸುಪಾಸಿಗೆ ಮುಟ್ಟಿ ಅಲ್ಲಿಂದ ಇಳಿಯತೊಡಗಿತು.

ಆ ಏರುಗಾಲದಲ್ಲಿ ಎದ್ದ ಕಟ್ಟಡಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಲಾಸ್ ಏಂಜಲಿಸ್‌ನ ಕ್ರೆನ್‌ಶಾ ಬಡಾವಣೆಯ ಹಾಲಿಡೇ ಬೌಲ್. ಯುದ್ಧಕಾಲದಲ್ಲಿ ಜಪಾನಿ ಮೂಲದವರನ್ನು ಅವರ ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದ್ದು ನಿಮಗೆ ತಿಳಿದಿದೆ. ಹಾಗೆ ಎಲ್ಲವನ್ನೂ ಕಳೆದುಕೊಂಡು ಮರಳಿದ ಸಮುದಾಯ ತನ್ನವರಿಂದಲೇ ಷೇರು ಹಣ ಸಂಗ್ರಹಿಸಿ 1958ರಲ್ಲಿ ಅದನ್ನು ಕಟ್ಟಿತು. ಹಗಲಿರುಳು ತೆರೆದಿರುತ್ತಿದ್ದ ಅದರ ಕಾಫಿ ಶಾಪಿನಲ್ಲಿ ಉಡಾನ್ ಶಾವಿಗೆಯ ಪಕ್ಕದಲ್ಲೇ ದಕ್ಷಿಣದ ರಾಜ್ಯಗಳ ಜೋಳದ ಗಂಜಿಯಾದ ಗ್ರಿಟ್ಸ್ ಕೂಡ ಸಿಗುತ್ತಿತ್ತು. ಜಪಾನಿ ಮೂಲದವರು, ಆಫ್ರಿಕನ್ ಅಮೆರಿಕನ್ನರು, ಬಿಳಿಯರು ಅಲ್ಲಿ ಒಂದೇ ಲೀಗುಗಳಲ್ಲಿ ಆಡಿದರು. 2000ದಲ್ಲಿ ಅದು ಮುಚ್ಚುವವರೆಗೂ ಹಾಗೆಯೇ ನಡೆಯಿತು.

ಕಾಂಗ್ರೆಸ್ಸಿನ ನಿಯಮ ಹೋದೊಡನೆ ದೇಶದ ಎಲ್ಲ ಬಾಗಿಲುಗಳೂ ತೆರೆದವು ಎಂಬ ಭಾವನೆ ನನ್ನ ಮಾತಿನಿಂದ ಉಂಟಾಗಬಾರದು. ಲೀಗಿನ ಮನ್ನಣೆ ಬೇರೆ, ಆಲಿಯ ಮಾಲೀಕನ ಇಚ್ಛೆ ಬೇರೆ. ದಕ್ಷಿಣ ಕ್ಯಾರೊಲಿನಾದ ಆರೆಂಜ್‌ಬರ್ಗ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಓದುವ ಎರಡು ಕಾಲೇಜುಗಳಿದ್ದವು. ಊರಿಗೆ ಇದ್ದದ್ದು ಒಂದೇ ಬೌಲಿಂಗ್ ಆಲಿ, ಅದರೊಳಗೆ ಅವರಿಗೆ ಪ್ರವೇಶವಿರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯಿದೆಯಲ್ಲಿ ಹೋಟೆಲು, ಉಪಾಹಾರಗೃಹ, ಚಿತ್ರಮಂದಿರಗಳ ಹೆಸರಿತ್ತು, ಬೌಲಿಂಗ್ ಆಲಿಯ ಹೆಸರಿರಲಿಲ್ಲ. ಕಾಯಿದೆ ತನಗೆ ಅನ್ವಯಿಸುವುದಿಲ್ಲ ಎಂಬುದು ಆಲಿಯವರ ವಾದವಾಗಿತ್ತು. 1968ರ ಫೆಬ್ರವರಿ 5ರಂದು ವಿದ್ಯಾರ್ಥಿಗಳು ಒಳಗೆ ಹೋಗಿ ಪ್ರತಿಭಟಿಸಿದರು. ಮರುದಿನ ಬಂಧನಗಳಾದವು, ಲಾಠಿ ಏಟುಗಳು ಬಿದ್ದವು. 8ರ ರಾತ್ರಿ ಕಾಲೇಜಿನ ಆವರಣದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ರಾಜ್ಯದ ಹೆದ್ದಾರಿ ಪೊಲೀಸರು ಗುಂಡು ಹಾರಿಸಿದರು. ಸ್ಯಾಮ್ಯುಯೆಲ್ ಹ್ಯಾಮಂಡ್, ಹೆನ್ರಿ ಸ್ಮಿತ್ ಮತ್ತು ಇನ್ನೂ ಹೈಸ್ಕೂಲಿನಲ್ಲಿ ಓದುತ್ತಿದ್ದ ಡೆಲಾನೊ ಮಿಡಲ್‌ಟನ್ ಪ್ರಾಣ ಕಳೆದುಕೊಂಡರು. ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಗಾಯಗೊಂಡರು. ವಿಚಾರಣೆಗೆ ಒಳಗಾದ ಒಂಬತ್ತು ಪೊಲೀಸರೂ ಬಿಡುಗಡೆಯಾದರು. ಶಿಕ್ಷೆಯಾದದ್ದು ಒಬ್ಬರಿಗೆ ಮಾತ್ರ, ಆ ರಾತ್ರಿ ತಾವೂ ಗುಂಡೇಟು ತಿಂದಿದ್ದ ಹೋರಾಟಗಾರ ಕ್ಲೀವ್‌ಲ್ಯಾಂಡ್ ಸೆಲ್ಲರ್ಸ್ ಅವರಿಗೆ. 1993ರಲ್ಲಿ ರಾಜ್ಯ ಅವರಿಗೆ ಕ್ಷಮಾದಾನ ಕೊಟ್ಟಿತು.

ಗುಂಡು ಹಾರಿದ ಕೆಲವೇ ವಾರಗಳಲ್ಲಿ ಫೆಡರಲ್ ನ್ಯಾಯಾಲಯ ಆ ಆಲಿಯನ್ನು ಎಲ್ಲರಿಗೂ ತೆರೆಯಬೇಕೆಂದು ಆದೇಶಿಸಿತು. ಆದೇಶಕ್ಕೆ ಆಧಾರವಾದದ್ದು ಲೇನುಗಳ ಪಕ್ಕದಲ್ಲಿದ್ದ ತಿಂಡಿಯ ಕೌಂಟರು. ಅಲ್ಲಿ ಮಾರುವ ಆಹಾರ ರಾಜ್ಯದ ಗಡಿ ದಾಟಿ ಬರುತ್ತಿತ್ತು. ಆದ್ದರಿಂದ ಕೌಂಟರು ಕಾಯಿದೆಯ ವ್ಯಾಪ್ತಿಗೆ ಬಂತು, ಕೌಂಟರಿನ ಜೊತೆಗೆ ಅದೇ ಸೂರಿನ ಕೆಳಗಿದ್ದ ಲೇನುಗಳೂ ಬಂದವು.